ಮುಸುರೆ ಮಣ್ಣಿನಲ್ಲಿ ಅಮೈಲೇಸ್ ಹುಡುಕುವುದು ಹೇಗೆ?

ಪ್ರಾಜೆಕ್ಟ್ ಸಮಯ ಹತ್ತಿರ ಬಂತೆಂದರೆ ಕೊನೆಯ ವರ್ಷದ ಮಕ್ಕಳು ಕೇಳುವ ಪ್ರಶ್ನೆ ಒಂದೇ. "ಮೇಡಂ, ಖರ್ಚು ಕಡಿಮೆ ಇರಬೇಕು, ಎರಡು ತಿಂಗಳಲ್ಲಿ ಮುಗೀಬೇಕು, ರಿಸಲ್ಟ್ ಬರಲೇಬೇಕು. ಏನ್ ಮಾಡೋಣ?" ನಾನು ಹೇಳುವ ಉತ್ತರವೂ ಒಂದೇ. ಅಡುಗೆಮನೆ ಹಿಂದೆ ಮುಸುರೆ ಚೆಲ್ಲುವ ಜಾಗದಿಂದ ಒಂದು ಹಿಡಿ ಮಣ್ಣು ತನ್ನಿ, ಅದರಲ್ಲಿ ಅಮೈಲೇಸ್ ಮಾಡುವ ಬ್ಯಾಕ್ಟೀರಿಯಾ ಹುಡುಕೋಣ.

ಅಮೈಲೇಸ್ ಅಂದರೆ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುವ ಕಿಣ್ವ. ಒಂದು ತುತ್ತು ಅನ್ನವನ್ನು ನುಂಗದೆ ಎರಡು ನಿಮಿಷ ಅಗಿಯುತ್ತಾ ಇರಿ, ಬಾಯಿ ಸಿಹಿಯಾಗುತ್ತದೆ. ಅದು ನಮ್ಮ ಜೊಲ್ಲಿನ ಅಮೈಲೇಸ್ ಕೆಲಸ. ಬ್ಯಾಕ್ಟೀರಿಯಾಕ್ಕೆ ಬಾಯಿ ಇಲ್ಲ, ಹೊಟ್ಟೆಯೂ ಇಲ್ಲ. ಅನ್ನದ ಅಗುಳು ಅದರ ಮೈಗಿಂತ ಸಾವಿರಾರು ಪಟ್ಟು ದೊಡ್ಡದು. ಹಾಗಾಗಿ ಅದು ಕಿಣ್ವವನ್ನು ಹೊರಗೆ ಸುರಿದು, ಅಗುಳನ್ನು ಅಲ್ಲೇ ಕರಗಿಸಿ, ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ಹೀಗೆ ಹೊರಗೆ ಸುರಿಯುವುದರಿಂದಲೇ ನಮಗೆ ಲಾಭ. ಜೀವಕೋಶ ಒಡೆಯುವ ಕಷ್ಟ ಇಲ್ಲ, ಬ್ಯಾಕ್ಟೀರಿಯಾ ಬೆಳೆದ ನೀರು ಸೋಸಿದರೆ ಕಿಣ್ವ ಕೈಗೆ ಸಿಗುತ್ತದೆ.

ಮಣ್ಣು, ನೀರು, ಹಿಟ್ಟು ಕೆದಕಿ ದೊಡ್ಡ ದೊಡ್ಡ ವಸ್ತು ತೆಗೆದವರು ಬಹಳ ಜನ. ಜೋಕಿಚಿ ತಕಾಮಿನೆ ಎಂಬ ಜಪಾನಿ ರಸಾಯನಶಾಸ್ತ್ರಜ್ಞರು ಸಾಕೆ ಎಂಬ ಅಕ್ಕಿ ಮದ್ಯ ಮಾಡಲು ಬಳಸುವ ಕೋಜಿ ಬೂಷ್ಟಿನಿಂದ ಇದೇ ಅಮೈಲೇಸ್ ತೆಗೆದು, 1894ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಸಿಕ್ಕಿದ್ದು ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾದಿಂದ. ಜಪಾನಿನ ಒಂದು ಗಾಲ್ಫ್ ಮೈದಾನದ ಹತ್ತಿರ ಸತೋಶಿ ಓಮುರಾ ತೆಗೆದ ಮಣ್ಣಿನಲ್ಲಿದ್ದ ಜೀವಿಯಿಂದ ಐವರ್ಮೆಕ್ಟಿನ್ ಎಂಬ ಹುಳುನಾಶಕ ಔಷಧ ಬಂತು, 2015ರಲ್ಲಿ ಅವರಿಗೆ ನೊಬೆಲ್ ಕೂಡ. ನಮ್ಮ ಕಡೆಯೂ ಇಂಥದ್ದುಂಟು. ಪುಣೆ ಹತ್ತಿರದ ಪಿಂಪ್ರಿಯ ಮಣ್ಣಿನಿಂದ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ಔಷಧ ತೆಗೆದ ತಂಡದ ಮುಂದಾಳು ಎಂ.ಜೆ. ತಿರುಮಲಾಚಾರ್. ನಿಮ್ಮ ಹಿಡಿ ಮಣ್ಣಿನಿಂದ ನೊಬೆಲ್ ಬರುತ್ತೆ ಅಂತ ಹೇಳುತ್ತಿಲ್ಲ. ದಾರಿ ಮಾತ್ರ ಅದೇ: ಮಣ್ಣು ತಾ, ತೆಳು ಮಾಡು, ಬೆಳೆಸು, ಕೆಲಸ ಮಾಡುವವನನ್ನು ಆರಿಸು, ಅಳೆ.

ಆ ಕೊನೆಯ "ಅಳೆ" ಅನ್ನುವುದರಲ್ಲೇ ಎಲ್ಲರೂ ಎಡವುವುದು. ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟಿನಲ್ಲಿ, ಪಿಷ್ಟ ಖಾಲಿಯಾದ ಕಡೆ ತಿಳಿ ಉಂಗುರ ಕಂಡ ಕೂಡಲೇ ಫೋಟೋ ತೆಗೆದು ಪ್ರಾಜೆಕ್ಟ್ ಮುಗೀತು ಅಂದುಕೊಳ್ಳುತ್ತಾರೆ. ಉಂಗುರ ಬರೀ ಸುಳಿವು ಕಣ್ರೀ. ಅಸಲಿ ಕೆಲಸ ಆಮೇಲೆ ಶುರು.

ಮಣ್ಣು ಎಲ್ಲಿಂದ ತರಬೇಕು

ಕಾಲೇಜಿನ ಗಾರ್ಡನ್ ಮಣ್ಣು ತರಬೇಡಿ. ಸಿಗುವುದಿಲ್ಲ ಅಂತಲ್ಲ, ಕಡಿಮೆ ಸಿಗುತ್ತದೆ. ಪಿಷ್ಟ ದಿನಾ ಬೀಳುವ ಕಡೆ ಪಿಷ್ಟ ತಿನ್ನುವವರ ಗುಂಪು ದೊಡ್ಡದಾಗಿರುತ್ತದೆ. ಹಾಸ್ಟೆಲ್ ಅಡುಗೆಮನೆ ಹಿಂದೆ ಗಂಜಿ ಬಸಿಯುವ ಜಾಗ, ದನಕ್ಕೆ ಕಲಗಚ್ಚು ಇಡುವ ಬಾನಿಯ ಸುತ್ತ, ಅಕ್ಕಿ ಗಿರಣಿಯ ಹೊರಗಿನ ಚರಂಡಿ ಪಕ್ಕ, ತರಕಾರಿ ಮಾರ್ಕೆಟ್‌ನಲ್ಲಿ ಕೊಳೆತ ಆಲೂಗಡ್ಡೆ ಎಸೆಯುವ ಮೂಲೆ. ಇವೆಲ್ಲ ಒಳ್ಳೆ ಜಾಗಗಳು. ಗಂಗಾವತಿ, ಸಿಂಧನೂರು ಕಡೆಯವರಾದರೆ ಗಿರಣಿ ಹುಡುಕಿಕೊಂಡು ಹೋಗಬೇಕಾಗೂ ಇಲ್ಲ.

ಮೇಲಿನ ಕಸ ಸರಿಸಿ, ಎರಡು ಮೂರು ಇಂಚು ಆಳದಿಂದ ಸ್ಪಿರಿಟ್ ಒರೆಸಿದ ಚಮಚದಲ್ಲಿ ತೆಗೆದು ಹೊಸ ಜಿಪ್ ಕವರಿಗೆ ಹಾಕಿ. ಕವರ್ ಮೇಲೆ ಜಾಗ, ತಾರೀಕು, ಮಣ್ಣು ಒದ್ದೆಯೋ ಒಣವೋ ಬರೆಯಿರಿ. "ಸ್ಯಾಂಪಲ್ 1" ಅಂತ ಮಾತ್ರ ಬರೆದು ತಂದು, ಆಮೇಲೆ ಒಂದು ಯಾವುದು ಎರಡು ಯಾವುದು ಅಂತ ಜಗಳ ಆಡಿದವರನ್ನು ನಾನು ತುಂಬಾ ನೋಡಿದ್ದೇನೆ. ಅದೇ ದಿನ ಮಾಡಲು ಆಗದಿದ್ದರೆ ಫ್ರಿಜ್‌ನಲ್ಲಿಡಿ. ಲ್ಯಾಬ್ ಫ್ರಿಜ್‌ನಲ್ಲಿ, ಊಟದ ಡಬ್ಬಿ ಇಡುವ ಫ್ರಿಜ್‌ನಲ್ಲಿ ಅಲ್ಲ.

ಇಲ್ಲೇ ಇನ್ನೊಂದು ಮಾತು. ಇದನ್ನು ಮನೆಯಲ್ಲಿ ಮಾಡಬೇಡಿ. ಮುಸುರೆ ಮಣ್ಣಿನಲ್ಲಿ ಒಳ್ಳೆಯವರ ಜೊತೆ ಹೊಟ್ಟೆ ಕೆಡಿಸುವವರೂ ಇರುತ್ತಾರೆ. ಮಣ್ಣಿನಲ್ಲಿ ಒಂದೋ ಎರಡೋ ಇದ್ದದ್ದು ಪ್ಲೇಟಿನ ಮೇಲೆ ಕೋಟಿಯಾಗುತ್ತದೆ. ಪ್ಲೇಟ್ ಮುಚ್ಚಳ ತೆಗೆದು ಮೂಸಿ ನೋಡುವುದಂತೂ ಬೇಡವೇ ಬೇಡ. ಕೆಲಸ ಮುಗಿದ ಪ್ಲೇಟ್‌ಗಳನ್ನು ಆಟೋಕ್ಲೇವ್ ಮಾಡಿಯೇ, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿಗಳನ್ನು ಕೊಂದೇ, ಎಸೆಯಬೇಕು.

ಪಿಷ್ಟದ ಅಗಾರ್ ತಯಾರಿ

ಬೇಕಾಗುವುದು ರೆಡಿಮೇಡ್ ನ್ಯೂಟ್ರಿಯೆಂಟ್ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯ ಪುಡಿ) ಮತ್ತು ಕರಗುವ ಪಿಷ್ಟ, ಅಂದರೆ ಬಾಟಲಿ ಮೇಲೆ ಸಾಲ್ಯುಬಲ್ ಸ್ಟಾರ್ಚ್ ಅಂತ ಇರುವುದು. ಅರ್ಧ ಲೀಟರಿಗೆ ನ್ಯೂಟ್ರಿಯೆಂಟ್ ಅಗಾರ್ ಪುಡಿ 14 ಗ್ರಾಂ, ಪಿಷ್ಟ 5 ಗ್ರಾಂ. ಪ್ಲೇಟಿಗೆ 20 ಮಿಲಿ ಲೆಕ್ಕದಲ್ಲಿ 25 ಪ್ಲೇಟ್ ಆಗುತ್ತದೆ. ಒಂದು ಗುಂಪಿಗೆ ಧಾರಾಳವಾಗಿ ಸಾಕು.

ಪಿಷ್ಟವನ್ನು ನೇರವಾಗಿ ಬಿಸಿನೀರಿಗೆ ಸುರಿಯಬೇಡಿ, ಗಂಟಾಗುತ್ತದೆ. ರಾಗಿ ಅಂಬಲಿಗೆ ಹಿಟ್ಟು ಕದಡುತ್ತೀರಲ್ಲ, ಹಾಗೆ ಮೊದಲು ಸ್ವಲ್ಪ ತಣ್ಣೀರಿನಲ್ಲಿ ಕದಡಿ, ಆಮೇಲೆ ಕುದಿಯುವ ಅಗಾರಿಗೆ ಸುರಿಯುತ್ತಾ ಕೈಯಾಡಿಸಿ. ಫ್ಲಾಸ್ಕನ್ನು ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಉಕ್ಕುತ್ತದೆ. 15 ಪೌಂಡ್ ಒತ್ತಡದಲ್ಲಿ, 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್. ಒಂದು ವರ್ಷ ನಮ್ಮ ಲ್ಯಾಬಿನ ಆಟೋಕ್ಲೇವ್ ಕೈಕೊಟ್ಟು ರಿಪೇರಿಯವನು ಮೂರು ವಾರ ಬರಲೇ ಇಲ್ಲ. ಕೊನೆಗೆ ಮನೆಯಿಂದ ದೊಡ್ಡ ಕುಕ್ಕರ್ ಹೊತ್ತು ತಂದೆ. ಅದರ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ವೆಯ್ಟ್ ಹಾಕುವ ಮುಂಚೆ ಒಳಗಿನ ಗಾಳಿಯೆಲ್ಲ ಹಬೆಯ ಜೊತೆ ಹೊರಹೋಗಲು ಬಿಟ್ಟು, ಆಮೇಲೆ ಉರಿ ಸಣ್ಣ ಮಾಡಿ 20 ನಿಮಿಷ ಇಟ್ಟೆವು. ಕೆಲಸ ನಡೆಯಿತು. ಆ ಕುಕ್ಕರ್ ಮಾತ್ರ ಆಮೇಲೆ ಮನೆಗೆ ವಾಪಸ್ ಹೋಗಲಿಲ್ಲ.

ಫ್ಲಾಸ್ಕ್ ಕೈಯಲ್ಲಿ ಹಿಡಿಯುವಷ್ಟು ಬಿಸಿಗೆ, ಅಂದರೆ 50 ಡಿಗ್ರಿ ಹತ್ತಿರ ಇಳಿದಾಗ ಪ್ಲೇಟಿಗೆ ಸುರಿಯಿರಿ. ತುಂಬಾ ಬಿಸಿ ಇದ್ದಾಗ ಸುರಿದರೆ ಮುಚ್ಚಳದ ತುಂಬ ಬೆವರು, ಆ ಹನಿ ಕೆಳಗೆ ಬಿದ್ದು ಕಾಲೊನಿಗಳೆಲ್ಲ, ಅಂದರೆ ಬ್ಯಾಕ್ಟೀರಿಯಾ ಬೆಳೆದು ಕಾಣುವ ಚುಕ್ಕೆಗಳೆಲ್ಲ, ಒಂದಕ್ಕೊಂದು ಕಲಸಿಹೋಗುತ್ತವೆ. ಇನ್ನೊಂದು ವಿಷಯ, ಪಿಷ್ಟದ ಪ್ಲೇಟನ್ನು ವಾರಗಟ್ಟಲೆ ಫ್ರಿಜ್‌ನಲ್ಲಿ ಇಡಬೇಡಿ. ತಣ್ಣಗಾದ ಗಂಜಿ ಗಟ್ಟಿಯಾದ ಹಾಗೆ ಪಿಷ್ಟ ಒಳಗೇ ಬೆಳ್ಳಗೆ ಮೋಡದಂತೆ ಕೂರುತ್ತದೆ, ಆಮೇಲೆ ಉಂಗುರದ ಅಂಚು ಸರಿಯಾಗಿ ಕಾಣುವುದಿಲ್ಲ. ಬೇಕಾದಾಗ ಹೊಸದಾಗಿ ಮಾಡಿಕೊಳ್ಳಿ.

ಮಣ್ಣನ್ನು ತೆಳು ಮಾಡುವುದು

ಒಂದು ಗ್ರಾಂ ಮಣ್ಣನ್ನು 9 ಮಿಲಿ ಸ್ಟೆರೈಲ್ (ಕ್ರಿಮಿಯಿಲ್ಲದ) ಉಪ್ಪುನೀರಿಗೆ (ಶೇ 0.85) ಹಾಕಿ ಚೆನ್ನಾಗಿ ಅಲುಗಾಡಿಸಿ. ಈಗ ಒಂದು ಉಪಾಯ. ಈ ಟ್ಯೂಬನ್ನು 80 ಡಿಗ್ರಿ ನೀರಿನಲ್ಲಿ 10 ನಿಮಿಷ ಇಡಿ. ಸಾಮಾನ್ಯ ಬ್ಯಾಕ್ಟೀರಿಯಾ ಎಲ್ಲ ಸಾಯುತ್ತವೆ. ಬ್ಯಾಸಿಲಸ್ ಬಳಗದಂಥವು ಮಾತ್ರ ಸ್ಪೋರ್ ಎಂಬ ಗಟ್ಟಿ ಚಿಪ್ಪಿನೊಳಗೆ ಬದುಕಿ ಉಳಿಯುತ್ತವೆ. ಬೇಯಿಸಿದ ಅನ್ನ ಹೊರಗೆ ಉಳಿದು ಮರುದಿನ ಹಳಸುತ್ತದಲ್ಲ, ಕುದಿಸಿದರೂ ಸಾಯದ ಈ ಸ್ಪೋರ್‌ಗಳ ಕೈವಾಡ ಅಲ್ಲೂ ಇರುತ್ತದೆ. ಕಾರ್ಖಾನೆಗಳಲ್ಲಿ ಬಳಸುವ ಬ್ಯಾಕ್ಟೀರಿಯಾ ಅಮೈಲೇಸ್ ಬಹುಪಾಲು ಬರುವುದು ಬ್ಯಾಸಿಲಸ್ ಲೈಕೆನಿಫಾರ್ಮಿಸ್, ಬ್ಯಾಸಿಲಸ್ ಅಮೈಲೋಲಿಕ್ವಿಫೇಶಿಯನ್ಸ್ ಇಂಥವುಗಳಿಂದ. ಬಿಸಿ ಕೊಟ್ಟರೆ ನಮಗೆ ಬೇಕಾದವರೇ ಉಳಿಯುತ್ತಾರೆ, ಪ್ಲೇಟ್‌ಗಳೂ ಚೊಕ್ಕಟ.

ಆಮೇಲೆ ಆ ಟ್ಯೂಬಿನಿಂದ 1 ಮಿಲಿ ತೆಗೆದು ಇನ್ನೊಂದು 9 ಮಿಲಿಗೆ, ಅದರಿಂದ 1 ಮಿಲಿ ಮತ್ತೊಂದಕ್ಕೆ, ಹೀಗೆ ಆರು ಟ್ಯೂಬ್. ಪ್ರತಿ ಸಲ ಪಿಪೆಟ್‌ಗೆ ಹೊಸ ಟಿಪ್. ಎರಡನೇ ಟ್ಯೂಬಿನಿಂದ ಐದನೇ ಟ್ಯೂಬಿನವರೆಗೆ ಒಂದೊಂದರಿಂದಲೂ 0.1 ಮಿಲಿ ತೆಗೆದು ಪ್ಲೇಟ್ ಮೇಲೆ ಗಾಜಿನ ಕಡ್ಡಿಯಲ್ಲಿ ಹರಡಿ. ಮಣ್ಣೇ ಇಲ್ಲದ ಬರೀ ಉಪ್ಪುನೀರು ಹರಡಿದ ಪ್ಲೇಟ್ ಒಂದು ಇರಲಿ. ಅದರಲ್ಲೂ ಏನಾದರೂ ಬೆಳೆದರೆ ನಿಮ್ಮ ಕೈಯೋ ನೀರೋ ಕೆಟ್ಟಿದೆ ಅಂತ ಅರ್ಥ. ಪ್ಲೇಟ್‌ಗಳನ್ನು ತಲೆಕೆಳಗಾಗಿ 37 ಡಿಗ್ರಿಯಲ್ಲಿ 24ರಿಂದ 48 ಗಂಟೆ ಇಡಿ. ಕರೆಂಟ್ ಹೋಗಿ ಬಂದು ಮಾಡಿದರೆ ಗಾಬರಿ ಬೇಡ, ಇನ್ನೊಂದು ದಿನ ಜಾಸ್ತಿ ಇಟ್ಟರಾಯಿತು.

ಅಯೋಡಿನ್ ಬಾಟಲಿ ಮುಟ್ಟುವ ಮುಂಚೆ

ನಾನು ಎಂ.ಎಸ್ಸಿ ಮಾಡುವಾಗ ನಡೆದದ್ದು. ಮೊದಲ ಸಲ ಪ್ಲೇಟ್ ತುಂಬ ಬಿಡಿಬಿಡಿಯಾಗಿ ಚಂದದ ಕಾಲೊನಿಗಳು ಬಂದಿದ್ದವು. ಪಿಷ್ಟ ಸಿಕ್ಕ ಕಡೆ ನೀಲಿಯಾಗುವ ಅಯೋಡಿನ್ ಖುಷಿಯಲ್ಲಿ ಸುರಿದೆ. ಇಡೀ ಪ್ಲೇಟ್ ಕಡುನೀಲಿ, ನಡುವೆ ಒಂದು ಕಾಲೊನಿಯ ಸುತ್ತ ಎಂಟಾಣೆ ಅಗಲದ ತಿಳಿ ಉಂಗುರ. ಇಡೀ ಲ್ಯಾಬಿಗೆ ತೋರಿಸಿಕೊಂಡು ಓಡಾಡಿದೆ. ಆಮೇಲೆ ಆ ಕಾಲೊನಿಯನ್ನು ಹೊಸ ಪ್ಲೇಟಿಗೆ ಎಳೆದರೆ ಏನೂ ಬೆಳೆಯಲಿಲ್ಲ. ಅಯೋಡಿನ್ ಅಂದರೆ ಗಾಯಕ್ಕೆ ಹಚ್ಚುವ ಕ್ರಿಮಿನಾಶಕ ಅಲ್ವಾ! ಹುಡುಕಿದ್ದನ್ನು ನಾನೇ ಕೊಂದಿದ್ದೆ. ಮಣ್ಣು ತಂದ ಜಾಗಕ್ಕೆ ಮತ್ತೆ ಹೋದರೆ ಅಲ್ಲಿ ಸಿಮೆಂಟ್ ಹಾಕಿದ್ದರು.

ಅದಕ್ಕೇ ಈ ಕ್ರಮ. ಪ್ಲೇಟಿನಲ್ಲಿ ಬೇರೆ ಬೇರೆ ಥರ ಕಾಣುವ ಇಪ್ಪತ್ತು ಮೂವತ್ತು ಕಾಲೊನಿ ಆರಿಸಿಕೊಳ್ಳಿ. ಸುಕ್ಕು ಸುಕ್ಕಾದದ್ದು, ಹಪ್ಪಳದಂತೆ ಒಣಗಿದ್ದು, ಲೋಳೆಯಂಥದ್ದು, ಅಂಚು ಹರಿದಂತಿರುವುದು. ಒಂದೊಂದನ್ನೂ ಸ್ಟೆರೈಲ್ ಹಲ್ಲುಕಡ್ಡಿಯಿಂದ ಮುಟ್ಟಿ, ಅದೇ ಕಡ್ಡಿಯಿಂದ ಎರಡು ಹೊಸ ಪ್ಲೇಟಿನ ಮೇಲೆ ಒಂದೇ ನಂಬರಿನ ಜಾಗದಲ್ಲಿ ಚುಕ್ಕೆ ಇಡಿ. ಪ್ಲೇಟಿನ ಕೆಳಗೆ ಮಾರ್ಕರ್‌ನಲ್ಲಿ ಚೌಕ ಬರೆದು ನಂಬರ್ ಹಾಕಿಕೊಂಡಿದ್ದರೆ ಗೊಂದಲ ಆಗುವುದಿಲ್ಲ. ಎರಡರಲ್ಲೂ ಬೆಳೆದ ಮೇಲೆ ಒಂದು ಪ್ಲೇಟ್ ಅಯೋಡಿನ್‌ಗೆ ಬಲಿ. ಇನ್ನೊಂದು ಫ್ರಿಜ್‌ಗೆ.

ಅಯೋಡಿನ್ ದ್ರಾವಣ ಅಂದರೆ ಗ್ರಾಮ್ ಸ್ಟೇನ್‌ಗೆ (ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕಿ ಗುಂಪು ಗುರುತಿಸುವ ಪರೀಕ್ಷೆಗೆ) ಬಳಸುವುದೇ: ಅಯೋಡಿನ್ 1 ಗ್ರಾಂ, ಪೊಟ್ಯಾಸಿಯಂ ಅಯೋಡೈಡ್ 2 ಗ್ರಾಂ, ನೀರು 300 ಮಿಲಿ. ಮೊದಲು ಎರಡೂ ಪುಡಿಯನ್ನು ಸ್ವಲ್ಪವೇ ನೀರಿನಲ್ಲಿ ಅರೆದು ಕರಗಿಸಿ, ಆಮೇಲೆ ಪೂರ್ತಿ ನೀರು. ಒಂದೇ ಸಲ ಎಲ್ಲ ನೀರು ಹಾಕಿದರೆ ಅಯೋಡಿನ್ ತಳದಲ್ಲೇ ಕೂತಿರುತ್ತದೆ. ಪ್ಲೇಟ್ ಮುಳುಗುವಷ್ಟು ಸುರಿದು, ಅರ್ಧ ನಿಮಿಷ ಬಿಟ್ಟು ಚೆಲ್ಲಿ. ಪಿಷ್ಟ ಇರುವ ಕಡೆ ಕಡುನೀಲಿ, ಪಿಷ್ಟ ಖಾಲಿಯಾದ ಕಡೆ ತಿಳಿ ಹಳದಿ. ಬಣ್ಣ ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ಆದ್ದರಿಂದ ಸ್ಕೇಲ್ ಕೈಯಲ್ಲೇ ಇರಲಿ. ಉಂಗುರದ ಅಗಲ, ಕಾಲೊನಿಯ ಅಗಲ ಎರಡನ್ನೂ ಮಿಲಿಮೀಟರ್‌ನಲ್ಲಿ ಅಳೆದು ಭಾಗಿಸಿ. ಉಂಗುರ 18, ಕಾಲೊನಿ 6 ಇದ್ದರೆ ಅನುಪಾತ 3.

ಈ ಅನುಪಾತವನ್ನು ತುಂಬಾ ನಂಬಬೇಡಿ ಅಂತ ಮೊದಲೇ ಹೇಳಿಬಿಡುತ್ತೇನೆ. ಬೇಗ ಬೆಳೆಯುವವನಿಗೆ ಉಂಗುರ ಬೇಗ ಬರುತ್ತದೆ. ಅಗಾರ್ ದಪ್ಪ ಇದ್ದರೆ ಚಿಕ್ಕದು, ತೆಳು ಇದ್ದರೆ ದೊಡ್ಡದು. ಪ್ಲೇಟ್ ಮೇಲೆ ದೊಡ್ಡ ಉಂಗುರ ತೋರಿಸಿ ದ್ರವದಲ್ಲಿ ಸೋಮಾರಿಯಾಗಿ ಕೂರುವವನೂ ಇದ್ದಾನೆ. ಅದಕ್ಕೇ ಒಬ್ಬನನ್ನೇ ಆರಿಸದೆ ಮೊದಲ ನಾಲ್ಕೈದು ಜನರನ್ನು ಮುಂದಕ್ಕೆ ಕರೆದುಕೊಂಡು ಹೋಗಿ.

ಶುದ್ಧ ಮಾಡಿ, ಕಾಪಾಡಿ

ಫ್ರಿಜ್‌ನಲ್ಲಿಟ್ಟ ಪ್ಲೇಟಿನಿಂದ ಆ ನಂಬರಿನವರನ್ನು ತೆಗೆದು ಹೊಸ ಪ್ಲೇಟಿನಲ್ಲಿ ಗೆರೆ ಎಳೆಯಿರಿ. ನಾಲ್ಕು ಭಾಗ, ಪ್ರತಿ ಭಾಗಕ್ಕೂ ಲೂಪ್ (ತುದಿ ಸುರುಳಿಯಾದ ತಂತಿ) ಕಾಯಿಸಿ ಆರಿಸಿ. ಎಲ್ಲ ಕಾಲೊನಿ ಒಂದೇ ಥರ ಕಾಣುವವರೆಗೆ ಎರಡು ಮೂರು ಸಲ ಹೀಗೇ ಮಾಡಿ. ಆಮೇಲೆ ಇಳಿಜಾರು ಅಗಾರ್ ಟ್ಯೂಬಿನಲ್ಲಿ ಬೆಳೆಸಿ ಫ್ರಿಜ್‌ನಲ್ಲಿಟ್ಟರೆ ಎರಡು ಮೂರು ತಿಂಗಳು ಸುಖವಾಗಿರುತ್ತವೆ. ಶೇ 20 ಗ್ಲಿಸರಾಲ್ ಜೊತೆ ಡೀಪ್ ಫ್ರೀಜರ್‌ನಲ್ಲಿಟ್ಟರೆ ವರ್ಷಗಳೇ. ಒಂದನ್ನು ನಿಮ್ಮ ಹತ್ತಿರ, ಇನ್ನೊಂದನ್ನು ಗೈಡ್ ಹತ್ತಿರ ಇಡಿ.

ಗ್ರಾಮ್ ಸ್ಟೇನ್ ಮಾಡಿ ನೋಡಿ. ನೇರಳೆ ಬಣ್ಣದ ಕೋಲುಗಳು, ಸ್ಪೋರ್ ಸ್ಟೇನ್‌ನಲ್ಲಿ ಹಸಿರು ಚುಕ್ಕೆ ಕಂಡರೆ "ಬ್ಯಾಸಿಲಸ್ ಥರದ್ದು" ಅಂತ ಬರೆಯಬಹುದು. "ಬ್ಯಾಸಿಲಸ್ ಸಬ್ಟಿಲಿಸ್" ಅಂತ ಬರೆದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ. ಹೆಸರು ಹೇಳಲು ಕನಿಷ್ಠ 16ಎಸ್ ಎಂಬ ಜೀನಿನ ಸೀಕ್ವೆನ್ಸ್, ಅಂದರೆ ಡಿಎನ್‌ಎ ಅಕ್ಷರಗಳ ಸಾಲು ಬೇಕು, ಅದು ಸುಮಾರು 1500 ಅಕ್ಷರದ್ದು. ಆದರೂ ಸಬ್ಟಿಲಿಸ್ ಮತ್ತು ಅದರ ಹತ್ತಿರದ ನೆಂಟರಲ್ಲಿ ಈ ಜೀನ್ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ, ಖಚಿತವಾಗಿ ಬಿಡಿಸಲು ಗೈರೇಸ್ ಥರದ ಇನ್ನೊಂದು ಜೀನ್ ನೋಡಬೇಕು. ದುಡ್ಡಿಲ್ಲದಿದ್ದರೆ ಬಿಡಿ, ನಿಮ್ಮ ಪ್ರಾಜೆಕ್ಟಿಗೆ ನಂಬರೇ ಸಾಕು. ತುಂಬಾ ಒಳ್ಳೆಯ ತಳಿ ಸಿಕ್ಕರೆ ಚಂಡೀಗಢದ ಎಂಟಿಸಿಸಿಯಂಥ ಸೂಕ್ಷ್ಮಜೀವಿ ಸಂಗ್ರಹಗಳಲ್ಲಿ ಇಡಬಹುದು. ಹೊರದೇಶದ ಲ್ಯಾಬಿನವರು "ಕಲ್ಚರ್ ಕಳಿಸಿ" ಅಂದರೆ ಮಾತ್ರ ಸುಮ್ನೆ ಕವರಿಗೆ ಹಾಕಿ ಕಳಿಸಬೇಡಿ. 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಸೂಕ್ಷ್ಮಜೀವಿಗಳೂ ಬರುತ್ತವೆ, ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮ ಕೇಳಿಕೊಂಡೇ ಮುಂದುವರಿಯಬೇಕು.

ಕಿಣ್ವ ತೆಗೆಯುವುದು: ಎರಡು ದಾರಿ

ಫ್ಲಾಸ್ಕ್ ಅಲುಗಾಡಿಸುವ ಶೇಕರ್ ಇದ್ದರೆ ದ್ರವದ ದಾರಿ. ನ್ಯೂಟ್ರಿಯೆಂಟ್ ಬ್ರಾತ್‌ಗೆ (ಅಗಾರ್ ಇಲ್ಲದ ಪೋಷಕ ದ್ರವಕ್ಕೆ) ಶೇ 1 ಪಿಷ್ಟ, ಚಿಟಿಕೆ ಕ್ಯಾಲ್ಸಿಯಂ ಕ್ಲೋರೈಡ್. ಈ ಕಿಣ್ವಗಳಲ್ಲಿ ಬಹಳಷ್ಟಕ್ಕೆ ಕ್ಯಾಲ್ಸಿಯಂ ಇದ್ದರೆ ಗಟ್ಟಿತನ. ಗ್ಲುಕೋಸ್ ಹಾಕಬೇಡಿ. ಸುಲಭವಾಗಿ ಸಕ್ಕರೆ ಸಿಗುತ್ತಿರುವಾಗ ಬ್ಯಾಕ್ಟೀರಿಯಾ ಕಷ್ಟಪಟ್ಟು ಪಿಷ್ಟ ಒಡೆಯಲು ಹೋಗುವುದಿಲ್ಲ. ಮನೆಯಲ್ಲಿ ಬಿರಿಯಾನಿ ಇದ್ದಾಗ ಯಾರು ಮುದ್ದೆ ತೊಳಸುತ್ತಾರೆ ಹೇಳಿ. 37 ಡಿಗ್ರಿಯಲ್ಲಿ ನಿಮಿಷಕ್ಕೆ 120ರಿಂದ 150 ಸುತ್ತು, 48 ಗಂಟೆ. ಆಮೇಲೆ ತಣ್ಣಗೆ ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ಜೋರಾಗಿ ತಿರುಗಿಸಿ) ಮೇಲಿನ ತಿಳಿ ತೆಗೆದುಕೊಳ್ಳಿ, ಕಿಣ್ವ ಇರುವುದು ಅದರಲ್ಲೇ. ತಳದ ಗಷ್ಟು ಬೇಡ.

ಶೇಕರ್ ಇಲ್ಲದಿದ್ದರೆ ಬೂಸಾ ದಾರಿ, ನನಗೆ ಇದೇ ಇಷ್ಟ. ದನಕ್ಕೆ ಹಾಕುವ ಗೋಧಿ ಬೂಸಾ 10 ಗ್ರಾಂ, ನೀರು 10 ಮಿಲಿ, 250 ಮಿಲಿ ಫ್ಲಾಸ್ಕಿನಲ್ಲಿ ಕಲಸಿ ಆಟೋಕ್ಲೇವ್ ಮಾಡಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಪುಟ್ಟಿನ ಹಿಟ್ಟಿನ ಹದ ಗೊತ್ತಿದ್ದವರಿಗೆ ಬೇರೆ ಹೇಳಬೇಕಾಗಿಲ್ಲ. ನೀರು ಜಾಸ್ತಿಯಾದರೆ ಒಳಗೆ ಗಾಳಿ ಆಡುವುದಿಲ್ಲ. ತಣ್ಣಗಾದ ಮೇಲೆ ಬ್ಯಾಕ್ಟೀರಿಯಾದ ದ್ರವ 1 ಮಿಲಿ ಹಾಕಿ, 37 ಡಿಗ್ರಿಯಲ್ಲಿ ಎರಡು ಮೂರು ದಿನ. ದಿನಕ್ಕೊಮ್ಮೆ ಫ್ಲಾಸ್ಕ್ ತಟ್ಟಿ ಬಿಡಿಸಿ. ಕೊನೆಗೆ 100 ಮಿಲಿ ಬಫರ್ (ಹುಳಿ-ಕ್ಷಾರದ ಮಟ್ಟ, ಅಂದರೆ ಪಿಎಚ್, ಬದಲಾಗದಂತೆ ಹಿಡಿದಿಡುವ ದ್ರಾವಣ) ಹಾಕಿ ಅರ್ಧ ಗಂಟೆ ಕಲಕಿ, ಮಸ್ಲಿನ್ ಬಟ್ಟೆಯಲ್ಲಿ ಹಿಂಡಿ, ಸೆಂಟ್ರಿಫ್ಯೂಜ್ ಮಾಡಿ.

ಈ ಬೂಸಾ ವಿಧಾನ ಬಡವರ ವಿಧಾನ ಅಂತ ಮೂಗು ಮುರಿಯಬೇಡಿ. ತಕಾಮಿನೆ ಬೆಳೆಸಿದ್ದೂ ಬೂಸಾ ಮೇಲೇ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಇದರ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ. 1978ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಬಯೋಕಾನ್ ಮೊದಲು ಮಾಡುತ್ತಿದ್ದದ್ದು ಪರಂಗಿಹಣ್ಣಿನ ಪಪೈನ್ ಎಂಬ ಕಿಣ್ವ ಮತ್ತು ಮೀನಿನ ಐಸಿಂಗ್ಲಾಸ್ ಎಂಬ ಅಂಟು. ಸೂಕ್ಷ್ಮಜೀವಿಗಳ ಕಿಣ್ವಕ್ಕೆ ಬಂದಾಗ ಅವರೂ ಹಿಡಿದದ್ದು ಈ ಥರದ ಗಟ್ಟಿ ಹಿಟ್ಟಿನ ಹುದುಗುವಿಕೆಯನ್ನೇ.

ಈಗ ಅಳತೆ

ಪಿಷ್ಟ ಒಡೆದಾಗ ಬರುವ ಸಕ್ಕರೆಯನ್ನು ಡಿಎನ್‌ಎಸ್ ಎಂಬ ಹಳದಿ ದ್ರಾವಣ ಹಿಡಿದು ತೋರಿಸುತ್ತದೆ. ಸಕ್ಕರೆ ಜೊತೆ ಕುದಿಸಿದರೆ ಹಳದಿ ಹೋಗಿ ಇಟ್ಟಿಗೆ ಕೆಂಪು. ಸಕ್ಕರೆ ಜಾಸ್ತಿಯಾದಷ್ಟೂ ಕೆಂಪು ಜಾಸ್ತಿ. 1959ರಲ್ಲಿ ಮಿಲ್ಲರ್ ಪ್ರಕಟಿಸಿದ ಕ್ರಮವನ್ನೇ ಇವತ್ತಿಗೂ ಎಲ್ಲರೂ ಬಳಸುತ್ತಾರೆ. ಗ್ಲೌಸ್ ಹಾಕಿಕೊಳ್ಳಿ, ಕೈಗೆ ತಾಗಿದರೆ ಹಳದಿ ದಿನಗಟ್ಟಲೆ ಹೋಗುವುದಿಲ್ಲ, ಮೈಗೂ ಒಳ್ಳೆಯದಲ್ಲ. ಬಳಸಿದ ದ್ರಾವಣವನ್ನು ಸಿಂಕಿಗೆ ಸುರಿಯದೆ ಬೇರೆ ಬಾಟಲಿಯಲ್ಲಿ ಕೂಡಿಡಿ.

ಪಿಎಚ್ 6.9ರ ಫಾಸ್ಫೇಟ್ ಬಫರ್‌ನಲ್ಲಿ ಶೇ 1 ಪಿಷ್ಟ ಮಾಡಿಕೊಳ್ಳಿ. ಟ್ಯೂಬಿಗೆ ಪಿಷ್ಟ 0.5 ಮಿಲಿ, ಕಿಣ್ವ 0.5 ಮಿಲಿ, 37 ಡಿಗ್ರಿಯಲ್ಲಿ ಸರಿಯಾಗಿ 10 ನಿಮಿಷ. ಆಮೇಲೆ ಡಿಎನ್‌ಎಸ್ 1 ಮಿಲಿ, ಕುದಿಯುವ ನೀರಿನಲ್ಲಿ 5 ನಿಮಿಷ, ತಣಿಸಿ, ಎಲ್ಲ ಟ್ಯೂಬಿಗೂ ಒಂದೇ ಅಳತೆಯ ನೀರು ಹಾಕಿ 540 ನ್ಯಾನೋಮೀಟರ್ ಬೆಳಕಿನಲ್ಲಿ ಬಣ್ಣ ಎಷ್ಟು ಗಾಢ ಅಂತ ಓದಿ. ಹೋಲಿಕೆಗೆ ಮಾಲ್ಟೋಸ್ (ಪಿಷ್ಟ ಒಡೆದಾಗ ಬರುವ ಸಕ್ಕರೆ) 0.2ರಿಂದ 1 ಮಿಲಿಗ್ರಾಂವರೆಗೆ ಐದು ಟ್ಯೂಬ್ ಮಾಡಿ ಗ್ರಾಫ್ ಎಳೆದುಕೊಳ್ಳಿ.

ಇಲ್ಲಿ ಒಂದು ಟ್ಯೂಬನ್ನು ಯಾರೂ ಇಡುವುದಿಲ್ಲ, ಅದೇ ಮುಖ್ಯ. ಬ್ಯಾಕ್ಟೀರಿಯಾ ಬೆಳೆದ ದ್ರವದಲ್ಲಿ ಎರಡು ದಿನದಿಂದ ಪಿಷ್ಟ ಒಡೆದು ಸಕ್ಕರೆ ಆಗಲೇ ತುಂಬಿರುತ್ತದೆ. ಬೂಸಾದಲ್ಲಂತೂ ಅದರದ್ದೇ ಸಕ್ಕರೆಯೂ ಇದೆ. ಡಿಎನ್‌ಎಸ್‌ಗೆ ಹಳೆ ಸಕ್ಕರೆ ಯಾವುದು, ಈ ಹತ್ತು ನಿಮಿಷದಲ್ಲಿ ಹುಟ್ಟಿದ ಸಕ್ಕರೆ ಯಾವುದು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಪ್ರತಿ ಕಿಣ್ವಕ್ಕೂ ಇನ್ನೊಂದು ಟ್ಯೂಬ್: ಮೊದಲು ಡಿಎನ್‌ಎಸ್ ಹಾಕಿ ಕಿಣ್ವವನ್ನು ಕೊಂದು, ಆಮೇಲೆ ಪಿಷ್ಟ. ಅದರ ಓದನ್ನು ಕಳೆಯಬೇಕು. ಒಂದು ವರ್ಷ ನಮ್ಮ ಒಂದು ಗುಂಪಿನ ಅದ್ಭುತ ತಳಿ ಈ ಕಳೆಯುವಿಕೆ ಆದ ಮೇಲೆ ಸೊನ್ನೆಗೆ ಬಂದು ನಿಂತಿತು. ಮಕ್ಕಳು ಅತ್ತೇಬಿಟ್ಟರು. ಎರಡನೇ ಸ್ಥಾನದಲ್ಲಿದ್ದ, ಉಂಗುರ ಚಿಕ್ಕದಾಗಿದ್ದ 11ನೇ ನಂಬರಿನವನೇ ಕೊನೆಗೆ ಗೆದ್ದ.

ಲೆಕ್ಕ ಹೀಗೆ. ನಿಮಿಷಕ್ಕೆ 1 ಮೈಕ್ರೋಮೋಲ್ ಮಾಲ್ಟೋಸ್ ಬಿಡಿಸುವ ಕಿಣ್ವ ಅಂದರೆ ಒಂದು ಯುನಿಟ್. ಗ್ರಾಫ್‌ನಿಂದ 0.54 ಮಿಲಿಗ್ರಾಂ ಬಂತು ಅಂದುಕೊಳ್ಳಿ, ಅಂದರೆ 540 ಮೈಕ್ರೋಗ್ರಾಂ. ಮಾಲ್ಟೋಸ್ ಮೊನೊಹೈಡ್ರೇಟ್ (ಒಂದು ನೀರಿನ ಅಣು ಸೇರಿದ ಮಾಲ್ಟೋಸ್) ಅಣುತೂಕ 360, ಭಾಗಿಸಿದರೆ 1.5 ಮೈಕ್ರೋಮೋಲ್. ಹತ್ತು ನಿಮಿಷಕ್ಕೆ ಭಾಗಿಸಿದರೆ 0.15. ಅರ್ಧ ಮಿಲಿ ಕಿಣ್ವ ಹಾಕಿದ್ದರಿಂದ ಮಿಲಿಗೆ 0.3 ಯುನಿಟ್. ಕಿಣ್ವವನ್ನು ಹತ್ತು ಪಟ್ಟು ತೆಳು ಮಾಡಿದ್ದರೆ 3. ಬಾಟಲಿ ಮೇಲೆ ಮೊನೊಹೈಡ್ರೇಟ್ ಅಂತ ಇಲ್ಲದಿದ್ದರೆ 342 ಬಳಸಿ. ನೋಡದೆ ಯಾವುದೋ ಒಂದನ್ನು ಬಳಸಿದರೆ ಲೆಕ್ಕ ಶೇ 5ರಷ್ಟು ತಪ್ಪುತ್ತದೆ. ಓದು ಗ್ರಾಫ್‌ನ ತುದಿ ದಾಟಿ ಹೋದರೆ ಗೆರೆಯನ್ನು ಮುಂದಕ್ಕೆ ಎಳೆಯಬೇಡಿ, ಕಿಣ್ವ ತೆಳು ಮಾಡಿ ಮತ್ತೆ ಮಾಡಿ.

ಸಮಯ ಉಳಿದರೆ ಇದನ್ನೇ 50, 60, 70 ಡಿಗ್ರಿಯಲ್ಲಿ ಮಾಡಿ ನೋಡಿ. ಕಾರ್ಖಾನೆಯವರು ಮೊದಲು ಕೇಳುವುದೇ ಬಿಸಿ ತಡೆಯುತ್ತಾ ಅಂತ. ಮೆಕ್ಕೆಜೋಳದ ಪಿಷ್ಟದಿಂದ ಗ್ಲುಕೋಸ್ ಸಿರಪ್ ಮಾಡುವಾಗ ಮೊದಲ ಹಂತವೇ 100 ಡಿಗ್ರಿ ಆಸುಪಾಸು, ಲೈಕೆನಿಫಾರ್ಮಿಸ್‌ನ ಅಮೈಲೇಸ್ ಅದನ್ನೂ ತಡೆಯುತ್ತದೆ. ನಿಮ್ಮದು 60ಕ್ಕೇ ಸುಸ್ತಾದರೆ ಬೇಜಾರು ಬೇಡ. ಡಿಟರ್ಜೆಂಟ್, ಬ್ರೆಡ್, ಬಟ್ಟೆ, ಇವಕ್ಕೆಲ್ಲ ಅಷ್ಟು ಬಿಸಿ ಬೇಕಾಗಿಲ್ಲ.

ಕೊನೆಗೆ ಒಂದು ತುಂಡು ಬಟ್ಟೆ

ನಂಬರ್ ಬಂದ ಮೇಲೆ ನಾನು ಮಕ್ಕಳಿಂದ ಇದೊಂದನ್ನು ಮಾಡಿಸಿಯೇ ಬಿಡುತ್ತೇನೆ. ನೇಯುವ ಮುಂಚೆ ಹಾಸಿನ ನೂಲಿಗೆ ಗಂಜಿ ಹಾಕುತ್ತಾರೆ ಅಲ್ವಾ, ಮಗ್ಗದಲ್ಲಿ ಎಳೆ ಹರಿಯಬಾರದು ಅಂತ. ಆದರೆ ನೇಯ್ದ ಮೇಲೆ ಆ ಗಂಜಿ ಹೋಗದಿದ್ದರೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಹಿಂದೆ ನೀರಿನಲ್ಲಿ ಕೊಳೆಸುತ್ತಿದ್ದರು, ಇಲ್ಲವೇ ಆಸಿಡ್ ಬಳಸುತ್ತಿದ್ದರು. ಆಸಿಡ್ ಹೆಚ್ಚಾದರೆ ಹತ್ತಿಯನ್ನೂ ತಿನ್ನುತ್ತದೆ. ಅಮೈಲೇಸ್ ಪಿಷ್ಟವನ್ನು ಮಾತ್ರ ತಿನ್ನುತ್ತದೆ, ಹತ್ತಿಯ ಸೆಲ್ಯುಲೋಸ್ ಅದಕ್ಕೆ ಬೇಡ. ಬಟ್ಟೆ ಗಿರಣಿಗಳಲ್ಲಿ ಇದಕ್ಕೆ ಡಿಸೈಜಿಂಗ್ ಅನ್ನುತ್ತಾರೆ.

ನೇಕಾರರ ಹತ್ತಿರ ಒಗೆಯದ ಕೋರಾ ಹತ್ತಿ ಬಟ್ಟೆ ಗೇಣುದ್ದ ಕೇಳಿ ತನ್ನಿ. ಸಿಗದಿದ್ದರೆ ಬಿಳಿ ಹತ್ತಿ ಬಟ್ಟೆಗೆ ನೀವೇ ಗಂಜಿ ಹಾಕಿ ಒಣಗಿಸಿ. ಮೊದಲು ಒಂದು ಹನಿ ಅಯೋಡಿನ್ ಹಾಕಿ ನೋಡಿ, ನೀಲಿ ಬರದಿದ್ದರೆ ಆ ಬಟ್ಟೆಗೆ ಪಿಷ್ಟ ಹಾಕಿಲ್ಲ. ಈಗ ಎಷ್ಟೋ ಕಡೆ ಪಿವಿಎ ಎಂಬ ಕೃತಕ ಅಂಟು ಬಳಸುತ್ತಾರೆ, ಅದರ ಮುಂದೆ ನಿಮ್ಮ ಅಮೈಲೇಸ್ ಏನೂ ಮಾಡಲಾರದು.

ಒಂದೇ ಅಳತೆಯ ಮೂರು ತುಂಡು ಕತ್ತರಿಸಿ. ಒಂದು ಬರೀ ಬಫರ್‌ಗೆ. ಇನ್ನೊಂದು ಹತ್ತಿಪ್ಪತ್ತು ನಿಮಿಷ ಚೆನ್ನಾಗಿ ಕುದಿಸಿದ ಕಿಣ್ವಕ್ಕೆ. ಮೂರನೆಯದು ಅಸಲಿ ಕಿಣ್ವಕ್ಕೆ. 50 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಮೂರನ್ನೂ ಬಿಸಿನೀರಿನಲ್ಲಿ ಜಾಲಾಡಿಸಿ ಒಣಗಿಸಿ, ಒಂದೊಂದು ಹನಿ ಅಯೋಡಿನ್. ಗಿರಣಿಗಳಲ್ಲಿ ಟೆಗೆವಾ ಸ್ಕೇಲ್ ಅಂತ ಒಂದು ಬಣ್ಣದ ಪಟ್ಟಿ ಇರುತ್ತದೆ, 1ರಿಂದ 9ರವರೆಗೆ. 1 ಅಂದರೆ ಕಡುನೇರಳೆ, ಗಂಜಿ ಹಾಗೇ ಇದೆ. 9 ಅಂದರೆ ಪೂರ್ತಿ ಹೋಗಿದೆ. ಪಟ್ಟಿ ಇಲ್ಲದಿದ್ದರೂ ಮೂರು ತುಂಡನ್ನು ಪಕ್ಕ ಪಕ್ಕ ಇಟ್ಟರೆ ಕಣ್ಣಿಗೇ ಗೊತ್ತಾಗುತ್ತದೆ.

11ನೇ ನಂಬರಿನವನ ತುಂಡು ನನ್ನ ಟೇಬಲ್ ಡ್ರಾಯರ್‌ನಲ್ಲಿ ಇನ್ನೂ ಇದೆ. ಹನಿ ಬಿದ್ದ ಮೊದಲೆರಡು ತುಂಡು ಕಾಗೆಬಣ್ಣಕ್ಕೆ ತಿರುಗಿದ್ದವು. ಮೂರನೆಯದು ತಿಳಿ ಹಳದಿ, ನಡುವೆ ಮಾತ್ರ ಅಡ್ಡಡ್ಡ ಒಂದು ನೀಲಿ ಗೆರೆ. ಗೆರೆ ಯಾಕೆ ಅಂತ ಮಕ್ಕಳು ಎರಡು ದಿನ ತಲೆ ಕೆರೆದುಕೊಂಡರು. ಟ್ಯೂಬಿನಲ್ಲಿ ಬಟ್ಟೆ ಮಡಚಿಕೊಂಡಿತ್ತು, ಮಡಿಕೆಯ ಒಳಗೆ ಕಿಣ್ವ ಸರಿಯಾಗಿ ಹೋಗಿರಲಿಲ್ಲ. ನೀವು ಮಾಡುವಾಗ ಅಗಲ ಬಾಯಿಯ ಬೀಕರ್ ತೆಗೆದುಕೊಳ್ಳಿ, ಬಟ್ಟೆ ಹಾಸಿದ ಹಾಗೆ ಇರಲಿ, ಹತ್ತು ನಿಮಿಷಕ್ಕೊಮ್ಮೆ ಗಾಜಿನ ಕಡ್ಡಿಯಲ್ಲಿ ತಿರುವಿ ಹಾಕಿ.